ಗಿಡ ನೆಡದ ಮೇಡಂ

ಜೂನ್ ತಿಂಗಳು ಬಂತೆಂದರೆ ನಮ್ಮ ಕಾಲೇಜಿನಲ್ಲಿ ಒಂದು ಜಗಳ ಇದ್ದೇ ಇರುತ್ತಿತ್ತು. ಪರಿಸರ ದಿನಾಚರಣೆಗೆಂದು ಯಾರನ್ನೋ ಅತಿಥಿಯಾಗಿ ಕರೆಸಿ, ಕಾಂಪೌಂಡಿನ ಪಕ್ಕ ಗುಂಡಿ ತೆಗೆಸಿ, ಕಪ್ಪು ಕವರಿನ ಸಸಿಗಳನ್ನು ಸಾಲಾಗಿ ಜೋಡಿಸಿಟ್ಟು ಪ್ರಿನ್ಸಿಪಾಲರು ಸಸ್ಯಶಾಸ್ತ್ರ ವಿಭಾಗಕ್ಕೆ ಹೇಳಿ ಕಳಿಸುತ್ತಿದ್ದರು. ವಿಭಾಗವೆಂದರೆ ಒಬ್ಬರೇ ಮೇಡಂ. ಅವರು ಬಂದು, ಸಸಿಗಳನ್ನು ಒಮ್ಮೆ ನೋಡಿ, "ನಾನು ಪಾಠ ಮಾಡೋಳು ಸಾರ್, ಫೋಟೋಕ್ಕೆ ಗಿಡ ಇಡ್ಕಳೋಳಲ್ಲ" ಎಂದು ಹೇಳಿ ಬಂದ ದಾರಿಯಲ್ಲೇ ಹಿಂದಿರುಗುತ್ತಿದ್ದರು. ಪ್ರಿನ್ಸಿಪಾಲರ ಮುಖ ಹರಳೆಣ್ಣೆ ಕುಡಿದಂತಾಗುತ್ತಿತ್ತು. ಕೊನೆಗೆ ಸಸಿ ಹಿಡಿದು ನಿಲ್ಲುವ ಭಾಗ್ಯ ಕನ್ನಡ ಪಾಠ ಮಾಡುವ ನನ್ನ ಪಾಲಿಗೆ ಬರುತ್ತಿತ್ತು.

ಗಿಡ ನೆಡದ ಬಾಟನಿ ಮೇಡಂ ಎಂದು ಮಳವಳ್ಳಿಯಲ್ಲೆಲ್ಲ ಅವರಿಗೆ ಹೆಸರಾಗಿತ್ತು. ಅವರಿಗೂ ಅದು ಗೊತ್ತಿತ್ತು. ಅವರು ತೀರಿಕೊಂಡು ಈ ಶ್ರಾವಣಕ್ಕೆ ವರ್ಷವಾಗುತ್ತದೆ. ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಎಲ್ಲಿಂದಲೋ ಎದ್ದು ಬಂದು, "ಎಸ್ರು ಆಕಿದ್ಮೇಲೆ ಒಂದು ಆರಾನೂ ಆಕ್ಬುಡು" ಎಂದು ಬೈದಾರು.

ಗಿಡ ನೆಡದಿದ್ದರೂ ಒಂದು ಗಿಡಕ್ಕಾಗಿ ಅವರು ಇಡೀ ಕಾಲೇಜಿನ ಮೇಲೆ ಬಿದ್ದದ್ದುಂಟು. ಸೈಕಲ್ ಸ್ಟ್ಯಾಂಡಿಗೆ ಶೀಟು ಹೊದಿಸುವ ಕೆಲಸ ನಡೆಯುತ್ತಿತ್ತು. ಮೂಲೆಯಲ್ಲೊಂದು ಬೇವು ತಾನಾಗಿಯೇ ಹುಟ್ಟಿ ಆಳೆತ್ತರ ಬಂದಿತ್ತು. ಕಾಗೆ ಎಲ್ಲಿಯೋ ಹಣ್ಣು ತಿಂದು ಇಲ್ಲಿ ಬೀಜ ಉದುರಿಸಿತ್ತು. ಮೇಸ್ತ್ರಿ ಅದನ್ನು ಕಡಿಯಲು ಹೋದರೆ ಇವರು ಎದುರಿಗೆ ಹೋಗಿ ನಿಂತರು. ಕಡೆಗೆ ಶೀಟನ್ನೇ ದುಂಡಗೆ ಕತ್ತರಿಸಿ ಬೇವಿಗೆ ದಾರಿ ಬಿಡಬೇಕಾಯಿತು. "ಕರೆದು ಕೂರಿಸಿದೋರ್ನ ಎಲ್ರೂ ನೋಡ್ಕತಾರೆ. ತಾನೇ ಬಂದು ಕುಂತಿರೋರ್ನ ನೋಡ್ಕಳೋರು ಯಾರು?" ಎಂದು ಸ್ಟಾಫ್ ರೂಮಿನಲ್ಲಿ ಕೂತು ಉಪ್ಸಾರು ಅನ್ನ ಕಲಸುತ್ತ ಕೇಳಿದರು. ಮಳೆ ಬಂದರೆ ಆ ಮೂಲೆಯಲ್ಲಿ ನಿಲ್ಲಿಸಿದ ಸೈಕಲ್ಲು ಈಗಲೂ ನೆನೆಯುತ್ತದೆ.

ನಮ್ಮ ಸ್ನೇಹ ಬೆಳೆದದ್ದು ಬಸ್ಸಿನಲ್ಲಿ. ಅವರ ತವರು ಕೆರಗೋಡು, ಸಂಸಾರ ಮಂಡ್ಯದಲ್ಲಿ. ಯಜಮಾನರು ಸಕ್ಕರೆ ಕಾರ್ಖಾನೆಯಲ್ಲಿದ್ದರು, ಒಬ್ಬಳೇ ಮಗಳು. ನಾನು ಮದ್ದೂರಿನವಳು. ಅವರು ಮಂಡ್ಯದಲ್ಲಿ ಹತ್ತಿ ಪಕ್ಕದ ಸೀಟಿನ ಮೇಲೆ ಚೀಲ ಇಟ್ಟುಕೊಂಡು ಬರುತ್ತಿದ್ದರು. ಮದ್ದೂರು ಬರುವ ತನಕ ಆ ಚೀಲವನ್ನು ಯಾರೂ ಮುಟ್ಟುವಂತಿರಲಿಲ್ಲ. ಒಮ್ಮೆ ಕಂಡಕ್ಟರು, "ಚೀಲಕ್ಕೂ ಟಿಕೆಟ್ ತಗಳಿ ಮೇಡಂ" ಎಂದ. "ಚೀಲ ಅಲ್ಲ ಕಣಪ್ಪ ಅದು, ಕನ್ನಡ ಮೇಡಮ್ಮು. ಮದ್ದೂರಲ್ಲಿ ಎದ್ದು ನಿಂತ್ಕತದೆ ನೋಡ್ತಿರು" ಎಂದರಂತೆ. ಅಂದಿನಿಂದ ಆ ಕಂಡಕ್ಟರು ನನ್ನನ್ನು ಕಂಡಾಗಲೆಲ್ಲ ನಗುತ್ತಿದ್ದ. ಮೊದಮೊದಲು ನಾನು ಅವರನ್ನು ಮೇಡಂ ಎನ್ನುತ್ತಿದ್ದೆ, ಆಮೇಲೆ ಅದು ತಾನಾಗಿ ಅಕ್ಕ ಎಂದಾಯಿತು.

ಕಾಡಿಗೆ ಹೋದವರೆಲ್ಲ ತಲೆಯೆತ್ತಿ ನಡೆಯುತ್ತಾರೆ. ಅಕ್ಕ ಮಾತ್ರ ತಲೆ ತಗ್ಗಿಸಿ ನಡೆಯುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ನೆಲವನ್ನೇ ನೋಡುತ್ತ ಹೋಗುವ ಅವರನ್ನು ಕಂಡು ದಾರಿಹೋಕರು, "ಓಲೆ ಬಿದ್ದೋಯ್ತಾ ಅವ್ವ?" ಎಂದು ಕೇಳಿ ತಾವೂ ಹುಡುಕಲು ನಿಂತದ್ದುಂಟು. ಅವರು ಹುಡುಕುತ್ತಿದ್ದದ್ದು ಆಗ ತಾನೇ ಮೊಳೆತ ಗಿಡಗಳನ್ನು. ಅವರ ಬಾಯಲ್ಲಿ ಅವುಗಳ ಹೆಸರು ಮರಿ. ಎರಡೆಲೆ ಬಿಟ್ಟ ಒಂದು ಮರಿ ಕಂಡರೂ ಸಾಕು, ಆ ಭಾರಿ ಹೆಂಗಸು ಮಂಡಿಯೂರಿ ಕೂತುಬಿಡುತ್ತಿದ್ದರು. ಏಳುವಾಗ ನಾನು ಕೈ ಕೊಡಬೇಕಿತ್ತು.

ನಾಲಿಗೆಯಂತೂ ಬಲು ಒರಟು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆಗೆ ಅವರು ಹೆದರಿದವರೇ ಅಲ್ಲ. ಒದೆಯುವವರಿಗೆ ಅನುಕೂಲವಾಗಲಿ ಎಂಬಂತೆ ಎದುರಿಗೇ ಕೂತು ಹೇಳುತ್ತಿದ್ದರು. ತಪಾಸಣೆಗೆ ಬಂದ ದೊಡ್ಡವರು ಪ್ರಯೋಗಶಾಲೆ ಚೆನ್ನಾಗಿದೆ ಎಂದು ಹೊಗಳಿದಾಗ, "ನಿನ್ನೆ ಸಾಯಂಕಾಲ ಗುಡಿಸಿದ್ದು ಸಾರ್, ನಾಳೆ ಬಂದು ನೋಡಿ" ಎಂದಿದ್ದರು. ನಾನು ಮರದ ಮೇಲೊಂದು ಪದ್ಯ ಬರೆದು ಬಸ್ಸಿನಲ್ಲಿ ಭಯಭಕ್ತಿಯಿಂದ ಓದಿ ಹೇಳಿದೆ. ಪೂರ್ತಿ ಕೇಳಿ, "ಯಾವ ಮರ?" ಎಂದರು. ಯಾವುದೋ ಒಂದು ಮರ ಎಂದೆ. "ಬರೀ ಮರ ಅನ್ನಾದು ಎಲ್ಲೂ ಬೆಳೆಯಾಕಿಲ್ಲ ಕಣಮ್ಮ. ಬೇವು ಬೆಳೀತದೆ, ಹೊಂಗೆ ಬೆಳೀತದೆ" ಎಂದು ಹೇಳಿ ಕಿಟಕಿಯ ಕಡೆ ತಿರುಗಿದರು. ನನಗೆ ಎರಡು ದಿನ ಸಿಟ್ಟಿತ್ತು. ಮೂರನೆಯ ದಿನ ಪದ್ಯ ಹರಿದು ಹಾಕಿದೆ.

ಮಕ್ಕಳನ್ನು ಊಟಿಗೆ ಪ್ರವಾಸ ಕರೆದುಕೊಂಡು ಹೋದದ್ದು ಚೆನ್ನಾಗಿ ನೆನಪಿದೆ. ಜೊತೆಗೆ ನಾನೂ ಇದ್ದೆ. ಅಲ್ಲಿ ಪೈನ್ ಮರಗಳ ದೊಡ್ಡ ತೋಪಿದೆ. ನೆಟ್ಟಗೆ ಆಕಾಶಕ್ಕೆ ಹೋದ ಮರಗಳು, ಕೆಳಗೆ ಉದುರಿದ ಸೂಜಿ ಎಲೆಗಳ ಮೆತ್ತನೆಯ ಹಾಸು. ಸಿನಿಮಾದಲ್ಲಿ ನೋಡಿದ ಜಾಗವೆಂದು ಹುಡುಗ ಹುಡುಗಿಯರು ಮರ ಅಪ್ಪಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಕ್ಕ ಒಂದು ಕಲ್ಲಿನ ಮೇಲೆ ಕೂತು, "ಈ ತೋಪಲ್ಲಿ ಒಂದೇ ಒಂದು ಮರಿ ಹುಡುಕ್ಕೊಂಡು ಬನ್ರಲಾ. ತಂದೋರಿಗೆ ಐಸ್ ಕ್ರೀಮು" ಎಂದರು. ಗುಂಪು ಚೆದುರಿತು. ಸೂಜಿ ಎಲೆ ಕೆದಕಿದರು, ಮರದ ಬುಡ ಸುತ್ತಿದರು. ಒಬ್ಬಳು ಯಾವುದೋ ಹಸಿರು ಕಂಡು ಓಡಿ ಬಂದಳು. ಅದು ಯಾರೋ ಬಿಸಾಡಿದ ಪ್ಲಾಸ್ಟಿಕ್ ಹೂವಿನ ಎಲೆಯಾಗಿತ್ತು. ಅರ್ಧ ಗಂಟೆಯಾದರೂ ಯಾರಿಗೂ ಮರಿ ಸಿಗಲಿಲ್ಲ. ಆಮೇಲೆ ಎಲ್ಲರನ್ನೂ ಅಲ್ಲಿಂದ ಸ್ವಲ್ಪ ದೂರದ ಹಳ್ಳದ ಕಾಡಿಗೆ ಕರೆದೊಯ್ದರು. ಅದು ಯಾರೂ ನೆಡದೆ ತಾನಾಗಿ ಬೆಳೆದ ಹಳೆಯ ಕಾಡು. ಫೋಟೋಕ್ಕೆ ಚೆಂದವಿಲ್ಲ, ಕತ್ತಲೆ, ಬಳ್ಳಿ, ಪಾಚಿ. ಅಂಚಿನಲ್ಲೇ ನಿಲ್ಲಿಸಿ, "ಈಗ ಕಾಲಿಡಾಕೆ ಜಾಗ ಹುಡುಕಿ" ಎಂದರು. ನಾವೆಲ್ಲ ಕಾಲೆತ್ತಿಕೊಂಡು ನಿಂತೆವು. ಎಲ್ಲಿ ಇಟ್ಟರೂ ಮರಿಗಳಿದ್ದವು, ಬೆರಳುದ್ದ, ಗೇಣುದ್ದ, ಮೊಳದುದ್ದ, ಒಂದೊಂದರ ಎಲೆಯೂ ಬೇರೆ.

"ಆ ತೋಪು ಆಸ್ಟ್ಲು ಕಣ್ರಲಾ" ಎಂದು ಅವತ್ತು ಹೇಳಿದರು. "ಎಲ್ಲ ಒಂದೇ ವಯಸ್ಸು, ಒಂದೇ ಬಟ್ಟೆ, ಒಂದೇ ದಿನ ಸೇರ್ಕಂಡೋರು, ಒಂದೇ ದಿನ ಖಾಲಿ ಮಾಡೋರು. ಇದು ಮನೆ. ಅಜ್ಜಿ ಅವ್ಳೆ, ಸೊಸೆ ಅವ್ಳೆ, ತೊಟ್ಲಲ್ಲಿ ಕೂಸೂ ಅದೆ. ಅಜ್ಜಿ ಸತ್ರೂ ಮನೆ ನಡೀತದೆ." ಹಾಸ್ಟೆಲ್ಲಿನ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಐಸ್ ಕ್ರೀಮನ್ನು ಕೊನೆಗೆ ಎಲ್ಲರಿಗೂ ಕೊಡಿಸಿದರು.

ಈಗ ಆ ಗುಡ್ಡದ ವಿಷಯಕ್ಕೆ ಬರಬೇಕು. ಮಳವಳ್ಳಿಯಿಂದ ಹೊಳೆ ದಿಕ್ಕಿಗೆ ಹೋದರೆ ಒಂದು ಹಳ್ಳಿ. ಅಲ್ಲಿನ ಹುಡುಗ ಸಿದ್ದರಾಜು ನಮ್ಮಲ್ಲಿ ಬಿ.ಎ. ಓದುತ್ತಿದ್ದ. ಕೊನೆಯ ವರ್ಷ ಪರೀಕ್ಷೆಗೆ ಕೂರದೆ ಊರಲ್ಲೇ ಉಳಿದುಬಿಟ್ಟ. ತನ್ನ ವಿಭಾಗದ ಹುಡುಗನಲ್ಲದಿದ್ದರೂ ಅಕ್ಕ ಬಸ್ಸು ಹತ್ತಿ ಅವನ ಊರಿಗೆ ಹೋಗಿ, ಕಬ್ಬಿನ ಗದ್ದೆಯಿಂದ ಕೆಸರುಗಾಲಲ್ಲೇ ಅವನನ್ನು ಎಬ್ಬಿಸಿಕೊಂಡು ಬಂದು ಪರೀಕ್ಷೆಗೆ ಕೂರಿಸಿದ್ದರು. ಅಂದಿನಿಂದ ಸಿದ್ದರಾಜುವಿಗೆ ಮೇಡಂ ಎಂದರೆ ಹೆತ್ತತಾಯಿಗಿಂತ ಒಂದು ಕೈ ಮೇಲೆ. ಮುಂದೆ ಅವನು ಪಂಚಾಯಿತಿ ಮೆಂಬರೂ ಆದ.

ಆ ಊರ ಹಿಂದೆ ಒಂದು ಗುಡ್ಡ. ಗುಡ್ಡದ ಆಚೆ ಮಗ್ಗುಲು ಕುರುಚಲು ಕಾಡು, ಊರ ಕಡೆಯ ಇಳಿಜಾರಿನಲ್ಲಿ ನೀಲಗಿರಿ. ನೀಲಗಿರಿ ಬಂದ ಮೇಲೆ ಬಾವಿಗಳು ಬತ್ತಿದವೆಂದು ಊರವರು ಗಲಾಟೆ ಮಾಡಿ ಅದನ್ನು ಕಡಿಸಿ, ಬುಡ ಸಮೇತ ಕೀಳಿಸಿದ್ದರು. ಬೋಳು ಇಳಿಜಾರಿನಲ್ಲಿ ಮುಂದೆ ಏನು ನೆಡಬೇಕು? ಸರ್ವೆ ಎಂದರು ಕೆಲವರು, ಸಿಲ್ವರ್ ಓಕ್ ಎಂದರು ಕೆಲವರು. ಸಿದ್ದರಾಜು ಸಲಹೆ ಕೇಳಲು ಮೇಡಂ ಅವರನ್ನು ಕರೆಸಿದ. ನಾನೂ ಹೋಗಿದ್ದೆ. ಅರಳಿಕಟ್ಟೆಯ ಮೇಲೆ ಊರವರು ಕೂತಿದ್ದರು.

"ಏನೂ ನೆಡಬ್ಯಾಡಿ" ಎಂದರು ಅಕ್ಕ. "ಆಚೆ ಮಗ್ಗುಲಲ್ಲಿ ಕಾಡು ಅದೆ. ಅಕ್ಕಿ ಪಕ್ಕಿ ಬೀಜ ತತ್ತವೆ. ನೀವು ಸುಮ್ನೆ ಬುಟ್ಬುಟ್ರೆ ಸಾಕು."

ಸುಮ್ಮನೆ ಬಿಡುವುದೆಂದರೆ ಏನು ಎಂಬುದು ಅಲ್ಲಿ ಯಾರಿಗೂ ಹಿಡಿಯಲಿಲ್ಲ. ಗೇಣು ಜಾಗ ಖಾಲಿ ಇದ್ದರೂ ಕಬ್ಬಿನ ತುಂಡು ಊರುವ ಜನ ನಾವು. ಆಗ ಅವರಿಗೆ ಹೊಳೆದದ್ದು ಊರ ಬಸಪ್ಪ. ನಮ್ಮ ಕಡೆ ಹಲವು ಊರುಗಳಲ್ಲಿ ಒಂದು ಹೋರಿಗೆ ಮುದ್ರೆ ಹಾಕಿಸಿ ದೇವರಿಗೆ ಬಿಡುತ್ತಾರೆ. ಅದನ್ನು ಕಟ್ಟುವಂತಿಲ್ಲ, ಹೂಡುವಂತಿಲ್ಲ, ಹೊಡೆಯುವಂತಿಲ್ಲ. ಯಾರ ಗದ್ದೆಗೆ ನುಗ್ಗಿದರೂ ಕೈಮುಗಿದು ಆಚೆ ಕಳಿಸಬೇಕು. ಆ ಹೊತ್ತಿಗೆ ಬಸಪ್ಪ ಕಟ್ಟೆಯ ಪಕ್ಕದಲ್ಲೇ ಮಲಗಿ ಮೆಲುಕು ಹಾಕುತ್ತಿತ್ತು.

"ಇವನ್ನ ಯಾರಾದ್ರೂ ನೇಗ್ಲಿಗೆ ಕಟ್ತೀರಾ?" ಎಂದರು.

"ಎಲ್ಲಾರ ಉಂಟಾ ಅವ್ವ" ಎಂದನೊಬ್ಬ ಮುದುಕ.

"ಅಂಗೇ ಗುಡ್ಡನೂ ದೇವ್ರಿಗೆ ಬುಟ್ಬುಡಿ. ಕಡೀಬ್ಯಾಡಿ, ಉಳಬ್ಯಾಡಿ. ಅದರ ಪಾಡಿಗೆ ಅದು ಓಡಾಡ್ಕಂಡಿರ್ಲಿ."

ಗುಡ್ಡ ಓಡಾಡುವ ಮಾತು ಕೇಳಿ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಆದರೆ ಮಾತು ನಾಟಿತು. ಒಂದು ಸೋಮವಾರ ಗುಡ್ಡದ ಬುಡದ ಬಂಡೆಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಗುಡ್ಡವನ್ನು ದೇವರಿಗೆ ಬಿಟ್ಟೆವೆಂದು ಊರವರೆಲ್ಲ ಕೈಮುಗಿದರು. ಅಕ್ಕನ ಮನೆಯ ಹಾಲಿನಲ್ಲಿ ಬುದ್ಧನ ಒಂದು ಚಿತ್ರ ಬಿಟ್ಟರೆ ಬೇರೆ ಪಟಗಳಿಲ್ಲ. ಪೂಜೆಯ ದಿನ ದೂರದಲ್ಲಿ ಕೊಡೆ ಹಿಡಿದು ನಿಂತಿದ್ದರು. ನಿಮಗೆ ಇದರಲ್ಲೆಲ್ಲ ನಂಬಿಕೆ ಇದೆಯಾ ಅಕ್ಕ ಎಂದೆ. "ನಂಗೆ ದೇವ್ರಲ್ಲಿ ಇಲ್ಲ. ಇವ್ರ ಮಾತಲ್ಲಿ ಅದೆ" ಎಂದರು.

ಊರವರು ಮಾತು ಉಳಿಸಿಕೊಂಡರು. ಮೇಕೆಗಳನ್ನೂ ಆಚೆ ಮಗ್ಗುಲಿಗೆ ಹೊಡೆದರು. ಮೊದಲ ಮಳೆಗೆ ಹುಲ್ಲು, ಆಮೇಲೆ ತಂಗಡಿ, ಬಂದರಿಕೆ, ಕಾರೆ ಮುಳ್ಳಿನ ಪೊದೆಗಳು. ಪ್ರತಿ ಮಳೆಗಾಲ ಮುಗಿಯುವಾಗ ಅಕ್ಕ ಅಲ್ಲಿಗೆ ಹೋಗುತ್ತಿದ್ದರು, ಎಷ್ಟೋ ಸಲ ನನ್ನನ್ನೂ ಎಳೆದುಕೊಂಡು. ನನಗೆ ಕಾಣುತ್ತಿದ್ದದ್ದು ಬರೀ ಮುಳ್ಳು. ಅವರು ಪೊದೆಯ ಬಾಯಿ ಬಿಡಿಸಿ ಒಳಗೆ ತೋರಿಸುತ್ತಿದ್ದರು. ದಿಂಡಿಗದ ಮರಿ, ಕಗ್ಗಲಿಯ ಮರಿ, ಮುಳ್ಳಿನ ಮರೆಯಲ್ಲಿ, ತಪ್ಪಿಸಿಕೊಂಡು ಬಂದ ಮೇಕೆಯ ಬಾಯಿಗೂ ಸಿಗದ ಹಾಗೆ. ಮುಂದಿನ ಬೇಸಿಗೆಗೆ ಅವು ಒಣಗಿ ಕಡ್ಡಿಯಾಗುತ್ತಿದ್ದವು. ಸತ್ತೇ ಹೋಯಿತಲ್ಲ ಎಂದರೆ ತಲೆ ಅಲ್ಲಾಡಿಸುತ್ತಿದ್ದರು. "ಮೇಲೆ ಸಾಯ್ತದೆ, ಕೆಳಗೆ ಬೇರು ದಪ್ಪ ಆಯ್ತದೆ. ಹಿಂಗೇ ವರ್ಸ ವರ್ಸ ಸತ್ತು ಸತ್ತು, ಬೇರಲ್ಲಿ ಕಸುವು ತುಂಬ್ದಾಗ ಒಂದು ಮಳೆಗೆ ಎದ್ಬುಡ್ತದೆ. ಆಮೇಲೆ ಇಡಿಯೋರಿಲ್ಲ." ಒಂದು ವರ್ಷ ದೊಡ್ಡ ಬಂಡೆಯ ಮಗ್ಗುಲಲ್ಲಿ ಹೊನ್ನೆಯ ಮರಿಯೊಂದು ಸಿಕ್ಕಿತು. ಹೊನ್ನೆ ಮರ ಆ ಸುತ್ತಿನಲ್ಲೇ ಉಳಿದಿರಲಿಲ್ಲ. ಬೀಜ ಎಲ್ಲಿಂದ ಹಾರಿ ಬಂತೋ. ಅದರ ಮುಂದೆ ಅವರು ಎಷ್ಟು ಹೊತ್ತು ಕೂತರೆಂದರೆ ನಮ್ಮ ಬಸ್ಸು ತಪ್ಪಿಹೋಯಿತು.

ಅವರ ನಿವೃತ್ತಿ ಹತ್ತಿರ ಬಂದಾಗ ಸಿದ್ದರಾಜು ಫೋನು ಮಾಡಿದ. ಊರಲ್ಲಿ ಮೇಡಂಗೆ ಸನ್ಮಾನ, ನೀವೂ ಬರಬೇಕು, ಒಂದು ಗುಟ್ಟು ಇದೆ, ಅಲ್ಲೇ ನೋಡಿ ಎಂದ. ಶಾಲು, ಹಣ್ಣಿನ ಬುಟ್ಟಿ ಇರಬಹುದೆಂದು ನಾವಿಬ್ಬರೂ ಹೋದೆವು. ವಾದ್ಯದವರು ಬಸ್ ಸ್ಟ್ಯಾಂಡಿಗೇ ಬಂದಿದ್ದರು. ಅಕ್ಕ ನಾಚಿಕೊಂಡು, "ಮದ್ವೆ ಎಣ್ಣು ಕರ್ಕಂಡೋದಂಗೆ ಕರ್ಕಂಡೋಯ್ತಾವ್ರಲ್ಲ" ಎಂದು ನನ್ನ ಕಿವಿಯಲ್ಲಿ ಗೊಣಗಿದರು. ಊರು ದಾಟಿ ತಿರುವಿನಲ್ಲಿ ಗುಡ್ಡ ಕಂಡಿತು.

ಇಳಿಜಾರಿನ ಕೆಳ ಅರ್ಧ ಬೋಳಾಗಿತ್ತು. ಒಂದು ಪೊದೆಯಿಲ್ಲ, ಒಂದು ಮುಳ್ಳಿಲ್ಲ. ಬಂಡೆಗಳಿಗೆಲ್ಲ ಸುಣ್ಣ ಬಳಿದು ಮೇಲೆ ಕೆಮ್ಮಣ್ಣಿನ ಪಟ್ಟೆ ಎಳೆದಿದ್ದರು. ಹಗ್ಗ ಹಿಡಿದು ಗೆರೆ ಹೊಡೆದಂತೆ ಗುಂಡಿಗಳ ಸಾಲು, ಒಂದೊಂದು ಗುಂಡಿಯಲ್ಲೂ ಒಂದೊಂದು ಸಿಲ್ವರ್ ಸಸಿ. ಬುಡದಲ್ಲಿ ಅಕ್ಕನ ಹೆಸರಿನ ಕೆಳಗೆ ವನ ಎಂದು ಬರೆದ ಬೋರ್ಡು. ಅದರ ಪಕ್ಕ ಸಿದ್ದರಾಜು, ಅವನ ವಾರಿಗೆಯ ಹಳೆಯ ವಿದ್ಯಾರ್ಥಿಗಳು, ಕೈಯೆಲ್ಲ ಬೊಬ್ಬೆ ಬಂದವರು, ನಗುತ್ತ ನಿಂತಿದ್ದರು.

"ದೇವ್ರ ಗುಡ್ಡ ತಲೆ ಬಾಚದ ಕೂಸಿನಂಗೆ ಆಗೋಗಿತ್ತು ಮೇಡಂ" ಎಂದ ಸಿದ್ದರಾಜು. "ಅಬ್ಬದ ದಿನ ಬಸಪ್ಪಂಗೆ ಮೈ ತೊಳ್ದು ಕೊಂಬಿಗೆ ಬಣ್ಣ ಹಚ್ಚಾಕಿಲ್ವಾ? ನೀವು ನಿವೃತ್ತಿ ಆಗಾದು ನಮ್ಗೆ ಅಬ್ಬನೇ. ಅದ್ಕೆ ಗುಡ್ಡಕ್ಕೂ ಮಾಡುದ್ವಿ."

ಈಗ ಈ ಹೆಂಗಸಿನ ಬಾಯಿಂದ ಏನು ಬರುತ್ತದೋ, ಈ ಹುಡುಗರ ಗತಿ ಏನೋ ಎಂದು ಅವರ ಮೊಣಕೈ ಹಿಡಿದುಕೊಂಡೆ. ಅವರು ಇಳಿಜಾರನ್ನೇ ನೋಡುತ್ತಿದ್ದರು. ಆಮೇಲೆ ಒಂದೇ ಮಾತು ಕೇಳಿದರು.

"ಜೇಸಿಬಿ ಬುಟ್ರಾ, ಮಚ್ಚಲ್ಲಿ ಸವರಿದ್ರಾ?"

"ಜೇಸಿಬಿ ಸಿಕ್ಲಿಲ್ಲ ಮೇಡಂ, ನಾಲೆ ಕೆಲ್ಸಕ್ಕೆ ಓಗಿತ್ತು. ನಾವೇ ಭಾನ್ವಾರ ಭಾನ್ವಾರ ಸೇರ್ಕಂಡು ಮಚ್ಚಲ್ಲೇ ಸವರ್ದೊ. ಗುಂಡಿನೂ ಆರೆ ಗುದ್ದಲೀಲೆ ತೆಗ್ದಿದ್ದು."

ನಾನು ಹಿಡಿದಿದ್ದ ತೋಳು ಸ್ವಲ್ಪ ಸಡಿಲವಾಯಿತು. ಅದರ ಅರ್ಥ ನನಗೂ ಆಗಲೇ ಹೊಳೆದದ್ದು. ಮಚ್ಚು ಮೇಲಿನದನ್ನು ಮಾತ್ರ ತೆಗೆಯುತ್ತದೆ. ಬೇರು ನೆಲದಲ್ಲೇ ಇರುತ್ತದೆ.

ಮೊದಲ ಸಸಿಗೆ ಮೇಡಂ ಕೈಯಿಂದ ನೀರು ಹಾಕಿಸಬೇಕೆಂದು ಬಿಂದಿಗೆ ತಂದರು. ಯಾವ ಗುಂಡಿಗೆ ಹಾಕುತ್ತೀರಿ ಎಂದು ಸಿದ್ದರಾಜು ಕೇಳಿದ. ಅವರು ಸೀದಾ ದೊಡ್ಡ ಬಂಡೆಯ ಮಗ್ಗುಲಿಗೆ ಹೋದರು. ಹೊನ್ನೆಯ ಮರಿ ಇದ್ದ ಜಾಗದಲ್ಲೇ ಒಂದು ಗುಂಡಿ ತೆಗೆದಿದ್ದರು. ಅಗೆದ ಮಣ್ಣಿನಲ್ಲಿ ಅದರ ಬೇರೂ ಉಳಿದಿರಲಿಲ್ಲ. ಜೀವನದಲ್ಲಿ ಯಾವ ಸಸಿಯನ್ನೂ ಹಿಡಿದು ನಿಲ್ಲದಿದ್ದ ಅಕ್ಕ ಬಾಗಿ, ಆ ಸಿಲ್ವರ್ ಸಸಿಗೆ ಎರಡು ಕೈಯಿಂದ ನೀರು ಹಾಕಿದರು. ಫೋಟೋ ತೆಗೆದರು. ಅವರು ಮುಖ ಎತ್ತಿ ಫೋಟೋಕ್ಕೆ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮೈಕು ಕೊಟ್ಟಾಗ ಹೆಚ್ಚೇನೂ ಮಾತಾಡಲಿಲ್ಲ. "ನನಗೋಸ್ಕರ ಇಷ್ಟು ಬೆವರು ಸುರ್ಸಿದ್ದೀರ. ಕಟ್ಕಂಡ ಗಂಡನೂ ಇಷ್ಟು ಮಾಡಿಲ್ಲ. ನಂಗಿನ್ನೊಂದು ಉಡುಗೊರೆ ಬೇಕು. ಇವತ್ತಿಂದ ಈ ಗುಡ್ಡದಲ್ಲಿ ಯಾರೂ ಕಳೆ ಕೀಳ್ಬಾರ್ದು, ಮಚ್ಚು ಆಡುಸ್ಬಾರ್ದು. ನೆಟ್ಟಿರೋವ್ಕೆ ನೀರು ಆಕಿ. ಅವೂ ಜೀವನೇ. ಮಿಕ್ಕಂಗೆ ಏನು ಬಂದ್ರೂ ಬರ್ಲಿ ಬುಡಿ."

"ಮುಳ್ಳು ಬಂದ್ರೆ ಮೇಡಂ?" ಎಂದ ಯಾರೋ.

"ಮುಳ್ಳೂ ಬರ್ಲಿ."

ಜನ ಚಪ್ಪಾಳೆ ತಟ್ಟಿದರು. ಕೋಸಂಬರಿ ಪಾನಕ ಆಯಿತು. ಸಂಜೆಯ ಬಸ್ಸಿನಲ್ಲಿ ಹಿಂದಿರುಗುವಾಗ ಶಾಲು ಮಡಿಚಿ ತೊಡೆಯ ಮೇಲಿಟ್ಟುಕೊಂಡಿದ್ದರು. ನನಗೆ ತಡೆಯಲಾಗಲಿಲ್ಲ.

"ಯಾಕಕ್ಕ ಹೇಳಲಿಲ್ಲ ಅವರಿಗೆ? ಯಾರಿಗೂ ಹೆದರದವರು ನೀವು."

"ಏಳ್ಬುಟ್ರೆ?" ಎಂದರು. "ಆ ಸಿದ್ದರಾಜು ಐದ ಸಾಯೋಗಂಟ ಆ ಗುಡ್ಡದ ಕಡೆ ತಲೆ ಎತ್ತಿ ನೋಡಾಕಿಲ್ಲ. ಗುಡ್ಡ ಮತ್ತೆ ಚಿಗುರ್ತದೆ ಕಣಮ್ಮ. ಅವ್ನು ಚಿಗುರ್ದೆ ಓದ್ರೆ ನಾನೇನು ಮಾಡ್ಲಿ?" ತೊಡೆಯ ಮೇಲಿನ ಶಾಲನ್ನು ಮತ್ತೆ ಮಡಿಚುತ್ತ, "ತಪ್ಪು ನಂದೇ. ಬಸಪ್ಪನ ಕತೆ ಏಳಿದೋಳು ನಾನು. ಬಸಪ್ಪಂಗೆ ಅಬ್ಬದಲ್ಲಿ ಸಿಂಗಾರ ಮಾಡ್ತಾರೆ ಅನ್ನಾದು ನಂಗ್ಯಾಕೆ ಒಳೀಲಿಲ್ಲ" ಎಂದರು.

ಆಮೇಲೆ ಹೊನ್ನೆ ಎಂದಷ್ಟೇ ಹೇಳಿ ಶಾಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಮದ್ದೂರು ಬಂದರೂ ನಾನು ಇಳಿಯಲಿಲ್ಲ. ಅವರ ಜೊತೆಯಲ್ಲೇ ಮಂಡ್ಯದ ತನಕ ಹೋಗಿ, ಅವರನ್ನು ಮನೆ ಬಾಗಿಲಿಗೆ ಬಿಟ್ಟು ಬಂದೆ. ಅಷ್ಟು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅವತ್ತೇ.

ಕೆಲವು ವರ್ಷ ಚೆನ್ನಾಗಿದ್ದರು. ಮಗಳ ಮನೆ, ಯಜಮಾನರ ಜೊತೆ ಜಗಳ, ಹಿತ್ತಲಲ್ಲಿ ತಾನಾಗಿ ಬಂದ ತುಂಬೆ ಗಿಡ. ಆಮೇಲೆ ಕಾಯಿಲೆ ಬಂತು. ನೋಡಲು ಹೋದಾಗಲೆಲ್ಲ ನನ್ನನ್ನೇ ರೇಗಿಸುತ್ತಿದ್ದರು. "ಮುಖ ಇಂಗೆ ಮಾಡ್ಕಂಡು ಬರಬ್ಯಾಡ, ನಂಗೆ ಇರೋ ಕಾಯ್ಲೆ ಸಾಕು" ಎನ್ನುತ್ತಿದ್ದರು. ಹೋದ ಶ್ರಾವಣದಲ್ಲಿ ಕೆರಗೋಡಿನ ಅವರ ಹೊಲದಲ್ಲಿ ಮಣ್ಣು ಮಾಡಿದೆವು. ಸಮಾಧಿಯ ಮೇಲೆ ಯಾವ ಗಿಡ ನೆಡುವುದೆಂದು ಯಾರೋ ಕೇಳಿದರು. ಮಗಳು, "ಏನೂ ಬ್ಯಾಡ, ಅಮ್ಮ ಬೈತಾಳೆ" ಎಂದಳು. ಅಳುತ್ತಿದ್ದವರೂ ನಕ್ಕರು.

ಮೊನ್ನೆ ನಾನೊಬ್ಬಳೇ ಆ ಹಳ್ಳಿಗೆ ಹೋಗಿದ್ದೆ. ಸಿದ್ದರಾಜುವಿನ ಕಿವಿಯ ಪಕ್ಕ ಕೂದಲು ಬೆಳ್ಳಗಾಗಿದೆ. ಗುಡ್ಡಕ್ಕೆ ಕರೆದೊಯ್ದ. ಸಿಲ್ವರ್ ಸಸಿಗಳು ಹೆಚ್ಚಿನವು ಒಣಗಿ ಹೋಗಿದ್ದವು, ಬದುಕಿದ ನಾಲ್ಕಾರು ಸೊರಗಿ ನಿಂತಿದ್ದವು. ಸಾಲುಗಳೇ ಕಾಣುತ್ತಿರಲಿಲ್ಲ. ನಡುವೆಯೆಲ್ಲ ದಿಂಡಿಗ, ಕಗ್ಗಲಿ, ನನಗೆ ಹೆಸರು ಗೊತ್ತಿಲ್ಲದ ಇನ್ನೂ ಎಷ್ಟೋ. ಬುಡದ ಬಳಿ ನಾನು ಅಭ್ಯಾಸವಿಲ್ಲದೆಯೂ ತಲೆ ತಗ್ಗಿಸಿ ನೋಡಿದೆ. ಮರಿಗಳಿದ್ದವು. ದೊಡ್ಡ ಬಂಡೆಯ ಸುತ್ತ ಮಾತ್ರ ಎಷ್ಟು ಹುಡುಕಿದರೂ ಹೊನ್ನೆ ಕಾಣಲಿಲ್ಲ.

"ಮೇಡಂ ಕೊನೇ ಸಲ ಮಗಳ ಜೊತೆ ಕಾರಲ್ಲಿ ಬಂದಿದ್ರು" ಎಂದ ಸಿದ್ದರಾಜು. "ಮೇಲೆ ಅತ್ತಾಕೆ ಆಗ್ಲಿಲ್ಲ. ಕೆಳಗೇ ಕುರ್ಚಿ ಆಕ್ಕೊಟ್ಟಿದ್ದೆ. ಅವತ್ತು ನಾನು ಕೇಳೇಬುಟ್ಟೆ."

"ಏನಂತ?"

"ನಾವು ಸವರಿದ್ದು ತಪ್ಪಾಯ್ತಾ ಅಂತ. ನೆಟ್ಟಿದ್ದೆಲ್ಲ ಒಣಗ್ತಾ ಬಂತು, ಸವರಿದ್ದೆಲ್ಲ ಚಿಗುರ್ತಾ ಬಂತು. ಇದನ್ನ ಬೆಳೀಲಿ ಅಂತಾನೇ ಮೇಡಂ ವರ್ಸ ವರ್ಸ ನೋಡೋಕೆ ಬತ್ತಿದ್ರಾ, ನಾವು ಕಡ್ದಾಕ್ಬುಟ್ವಾ ಅಂತ ನಂಗೆ ಒಳಗೊಳಗೇ ಕೊರೀತಿತ್ತು."

ನಾನು ಬುಡದ ಮರಿಗಳ ಕಡೆ ನೋಡಿದೆ.

"ಅದ್ಕೆ ಅವ್ರು ನಕ್ಬುಟ್ರು. ಲೇ, ನೀವು ಸವರಿದ್ಕೇ ಕಣ್ಲಾ ಇಷ್ಟು ಜೋರಾಗಿ ಬಂದಿರಾದು, ಇಲ್ದಿದ್ರೆ ಇನ್ನೂ ಮೊಣಕಾಲುದ್ದ ಇರ್ತಿದ್ವು ಅಂದ್ರು." ಅವನು ನನ್ನ ಮುಖವನ್ನೇ ನೋಡಿದ. "ನಿಜವಾ ಮೇಡಂ?"

ತಪಾಸಣೆಗೆ ಬಂದವರ ಮುಂದೆ, ಪ್ರಿನ್ಸಿಪಾಲರ ಮುಂದೆ, ನನ್ನ ಬಡಪಾಯಿ ಪದ್ಯದ ಮುಂದೆ ಒಂದು ಕೂದಲೆಳೆಯಷ್ಟು ಸುಳ್ಳನ್ನೂ ಹೇಳದಿದ್ದ ಹೆಂಗಸು, ಉಸಿರು ಕಟ್ಟಿಕೊಂಡು ಕುರ್ಚಿಯಲ್ಲಿ ಕೂತು, ಇವನಿಗಾಗಿ ಅಷ್ಟು ಚೆಂದದ ಸುಳ್ಳೊಂದನ್ನು ಹೊಂದಿಸಿ ಇಟ್ಟು ಹೋಗಿದ್ದರು.

"ಮೇಡಂ ಯಾವತ್ತಾದರೂ ಸುಳ್ಳು ಹೇಳಿದ್ದು ಕೇಳಿದ್ದೀಯೇನಪ್ಪ ನೀನು?" ಎಂದೆ.

ಅವನು ಯೋಚಿಸಿದ. "ಇಲ್ಲ" ಎಂದ. ಅವನ ಮುಖ ತಿಳಿಯಾಯಿತು.

"ಅಂಗಾದ್ರೆ ಬನ್ನಿ, ಮೇಲೊಂದು ದಿಂಡಿಗ ತೋರುಸ್ತೀನಿ. ನನ್ ಕೈಯಾರೆ ಸವರಿದ್ದು. ಎಂಗೆ ಎದ್ದದೆ ನೋಡಿ" ಎನ್ನುತ್ತ, ನನಗೆ ಮುಳ್ಳು ತಾಗದಂತೆ ಕಾರೆಯ ಕೊಂಬೆಗಳನ್ನು ಕೈಯಲ್ಲಿ ಸರಿಸಿ ಹಿಡಿದು, ಮುಂದೆ ಮುಂದೆ ಹತ್ತತೊಡಗಿದ.